ಕುರಿ, ಹಂದಿಯ ಗುಂಡಿಗೆಯಲ್ಲಿ ಮೈಟ್ರಲ್ ಕವಾಟದ ಚಿಕಿತ್ಸೆ ಪರೀಕ್ಷಿಸುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಲ್ಯಾಬುಗಳಿಗೆ

ಮೈಟ್ರಲ್ ಕವಾಟ ಎಂದರೆ ಹೃದಯದ ಎಡಭಾಗದಲ್ಲಿ ಹೃತ್ಕರ್ಣ (ಮೇಲಿನ ಕೋಣೆ) ಮತ್ತು ಹೃತ್ಕುಕ್ಷಿ (ಕೆಳಗಿನ ಕೋಣೆ) ನಡುವಿನ ಎರಡು ದಳದ ಬಾಗಿಲು. ಅದಕ್ಕೆ ಹೊಸ ಹೊಲಿಗೆ, ಕ್ಲಿಪ್ ಅಥವಾ ರಿಂಗ್ ಒಂದನ್ನು ಯೋಚಿಸಿದವರು ಅದನ್ನು ಮೊದಲು ಪರೀಕ್ಷಿಸಬೇಕಾದದ್ದು ಸತ್ತ ಪ್ರಾಣಿಯ ಗುಂಡಿಗೆಯಲ್ಲಿ. ಜೀವಂತ ಪ್ರಾಣಿಯ ಸರದಿ ಅದಾದ ಮೇಲಿನದು. ಮಾಂಸಕ್ಕಾಗಿ ಕಡಿದ ಕುರಿ ಅಥವಾ ಹಂದಿಯ ಗುಂಡಿಗೆ, ಒಂದು ಪಿಸ್ಟನ್ ಪಂಪು, ಎರಡು ಪ್ರೆಷರ್ ಸೆನ್ಸರ್, ಒಂದು ಸಣ್ಣ ಕ್ಯಾಮೆರಾ ಇದ್ದರೆ ಕವಾಟ ತೆರೆದು ಮುಚ್ಚುವುದನ್ನು ಕಣ್ಣಾರೆ ನೋಡಬಹುದು, ಸೋರಿಕೆಯನ್ನು ಅಳೆಯಬಹುದು. ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು, 1979ರಿಂದ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಇವೆ. ಪಂಪು ಕಟ್ಟಬಲ್ಲವರೂ ಕವಾಟ ಹೊಲಿಯಬಲ್ಲವರೂ ಒಂದೇ ಊರಿನಲ್ಲಿದ್ದಾರೆ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯಂತೂ ಕುರಿಯ ಸೀಮೆ. ಬೇಕಾದದ್ದೆಲ್ಲ ಕೈಯಳತೆಯಲ್ಲೇ ಇದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಅದರ ಮೇಲೆ ನಿಂತಿದೆ. ಈ ಪರೀಕ್ಷೆಯಲ್ಲಿ ಸಿಗುವ ಸಂಖ್ಯೆಗಳಲ್ಲಿ ಕವಾಟದ ಸೋರಿಕೆಯ ಜೊತೆಗೆ ಪೈಪಿನ ಸೋರಿಕೆ, ಸಿಕ್ಕಿಕೊಂಡ ಗಾಳಿ, ಹಿಗ್ಗುವ ಸ್ನಾಯು ಎಲ್ಲವೂ ಬೆರೆತಿರುತ್ತವೆ. ಹಾಗಾಗಿ ಪ್ರತಿ ಗುಂಡಿಗೆಯನ್ನೂ ಮೊದಲು ಆರೋಗ್ಯದ ಸ್ಥಿತಿಯಲ್ಲಿ, ಆಮೇಲೆ ಕೆಡಿಸಿದ ಸ್ಥಿತಿಯಲ್ಲಿ, ಕೊನೆಗೆ ಚಿಕಿತ್ಸೆ ಮಾಡಿದ ಸ್ಥಿತಿಯಲ್ಲಿ, ಒಂದೇ ಒತ್ತಡದಲ್ಲಿ ಅಳೆಯಬೇಕು. ಮೊದಲ ಅಳತೆ ಇಲ್ಲದಿದ್ದರೆ ಉಳಿದೆರಡನ್ನು ಬರೆದಿಟ್ಟುಕೊಂಡೂ ಪ್ರಯೋಜನವಿಲ್ಲ.

ಯಾವ ಪ್ರಾಣಿ, ಎಷ್ಟು ದೊಡ್ಡದು

ಗುಂಡಿಗೆಯ ತೂಕ ದೇಹದ ತೂಕದ ಅರ್ಧ ಶೇಕಡಾ ಆಸುಪಾಸು. ಮಟನ್ ಅಂಗಡಿಗೆ ಬರುವ 20-25 ಕೆಜಿಯ ಎಳೆ ಕುರಿಯ ಗುಂಡಿಗೆ 100-125 ಗ್ರಾಂ ತೂಗುತ್ತದೆ. ಮನುಷ್ಯರಿಗೆಂದು ಮಾಡಿದ ಕ್ಲಿಪ್ಪು, ರಿಂಗು ಇದರೊಳಗೆ ಹಿಡಿಸುವುದಿಲ್ಲ. ಹೊಲಿಗೆಯ ಅಭ್ಯಾಸಕ್ಕೂ ಪಂಪನ್ನು ಹದಕ್ಕೆ ತರುವುದಕ್ಕೂ ಮಾತ್ರ ಇದು ಸಾಕು. ಸಾಧನ ಪರೀಕ್ಷಿಸುವುದಾದರೆ 80 ಕೆಜಿ ದಾಟಿದ ಹಂದಿಯ ಗುಂಡಿಗೆ ಬೇಕು. ಅದು ಸಿಗದಿದ್ದರೆ ಬಲಿತ ದೊಡ್ಡ ಟಗರಿನದು. ಹಸು, ಎತ್ತಿನ ಗುಂಡಿಗೆಯ ಯೋಚನೆ ಬೇಡ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಂತೆ ನಮ್ಮ ರಾಜ್ಯದಲ್ಲಿ ಅವುಗಳ ಹತ್ಯೆಗೆ ಅವಕಾಶವಿಲ್ಲ. 13 ವರ್ಷ ದಾಟಿದ, ಪ್ರಮಾಣಪತ್ರ ಪಡೆದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಇದೆ, ಆದರೆ ಅವುಗಳ ಗುಂಡಿಗೆ ಈ ಕೆಲಸಕ್ಕೆ ತೀರ ದೊಡ್ಡದು.

ಹಂದಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಗೊತ್ತಿರಲಿ. ಹಂದಿಯ ಹೃತ್ಕರ್ಣದ ಗೋಡೆ ಬಲು ತೆಳು, ಹೊಲಿಗೆ ಎಳೆದರೆ ಹರಿಯುತ್ತದೆ. ಮಹಾಪಧಮನಿ ಕವಾಟದ ಬಲ ಕರೋನರಿ ದಳದ ಬುಡದಲ್ಲಿ ಸ್ನಾಯುವಿನ ದಪ್ಪ ಅಂಚೊಂದಿದೆ. ಮಹಾಪಧಮನಿ ಕವಾಟದ ಸಾಧನ ಪರೀಕ್ಷಿಸುವವರಿಗೆ ಅದು ತೊಡಕು, ಮೈಟ್ರಲ್ ಕೆಲಸಕ್ಕೆ ಅಡ್ಡಿಯಿಲ್ಲ. ಹಂದಿ, ಕುರಿ ಎರಡರಲ್ಲೂ ಎಡ ಅಜೈಗಸ್ ಎಂಬ ರಕ್ತನಾಳ ನೇರವಾಗಿ, ಹೃದಯದ ಗೋಡೆಯ ರಕ್ತ ಕೂಡಿಸುವ ನಾಳವಾದ ಕರೋನರಿ ಸೈನಸ್‌ಗೆ ಸೇರುತ್ತದೆ. ಕರೋನರಿ ಸೈನಸ್ ಮೂಲಕ ಹಾಕುವ ಸಾಧನವಾದರೆ ಇದನ್ನು ಕಟ್ಟಿಬಿಡಬೇಕು.

ಕಡಿಯುವವರ ಹತ್ತಿರ ಮೊದಲೇ ಮಾತಾಡಿ

ಕಸಾಯಿಖಾನೆಯಲ್ಲಿ ಗುಂಡಿಗೆಯನ್ನು ಸೀಳಿ ರಕ್ತ ಬಸಿಯುವುದು ವಾಡಿಕೆ. ಮಾಂಸ ತಪಾಸಣೆಯಲ್ಲೂ ಸೀಳಿ ನೋಡುತ್ತಾರೆ. ಒಮ್ಮೆ ಎಡ ಹೃತ್ಕುಕ್ಷಿಗೆ ಚಾಕು ಬಿತ್ತೆಂದರೆ ಆ ಗುಂಡಿಗೆ ನಮ್ಮ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ದಿನವೇ ಹೋಗಿ, "ಅಣ್ಣಾ, ಗುಂಡಿಗೆ ಸೀಳಬೇಡಿ, ಶ್ವಾಸಕೋಶದ ಸಮೇತ ತೆಗೆದು ಹಾಗೇ ಇಡಿ" ಎಂದು ಹೇಳಿ ಬರಬೇಕು. ಶ್ವಾಸಕೋಶದ ಸಮೇತ ಏಕೆಂದರೆ, ಗುಂಡಿಗೆಯನ್ನು ಮಾತ್ರ ಕೊಯ್ದು ತೆಗೆದರೆ ಚಾಕು ಸಾಮಾನ್ಯವಾಗಿ ಎಡ ಹೃತ್ಕರ್ಣದ ಮೇಲೇ ಹಾಯುತ್ತದೆ. ನಮಗೆ ಬೇಕಾದದ್ದು ಅದೇ ಗೋಡೆ. ಮಹಾಪಧಮನಿಯೂ ಕನಿಷ್ಠ 5 ಸೆಂಮೀ ಉದ್ದ ಉಳಿದಿರಬೇಕು.

ಮಾಂಸಕ್ಕಾಗಿಯೇ ಕಡಿದ ಪ್ರಾಣಿಯ ಅಂಗ ಬಳಸುವುದು ಪ್ರಾಣಿಪ್ರಯೋಗವಲ್ಲ. ಆದರೂ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೂ ಜೈವಿಕ ಸುರಕ್ಷತಾ ಸಮಿತಿಗೂ ಮೊದಲೇ ಪತ್ರ ಬರೆದು, ಉತ್ತರವನ್ನು ಕಡತದಲ್ಲಿಡಿ. ಗುಂಡಿಗೆ ಎಲ್ಲಿಂದ ಬಂತು, ಯಾವಾಗ ಕಡಿದದ್ದು, ಅಂದಾಜು ತೂಕ, ವಯಸ್ಸು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಿ.

ಕಡಿದ ಅರ್ಧ ಗಂಟೆಯೊಳಗೆ ಮಹಾಪಧಮನಿ ಮತ್ತು ಪುಪ್ಪುಸ ಅಭಿಧಮನಿಗಳಿಂದ (ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ನಾಳಗಳು) ತಣ್ಣನೆಯ ಸಲೈನ್ ಹಾಯಿಸಿ ರಕ್ತ ತೊಳೆಯಬೇಕು. ಹೊರಬರುವ ನೀರು ತಿಳಿಯಾಗುವವರೆಗೂ ತೊಳೆಯಿರಿ, ಸುಮಾರು 1 ಲೀಟರ್ ಹಿಡಿಯುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ 5000 ಯೂನಿಟ್ ಇದ್ದರೆ ಒಳ್ಳೆಯದು. ಕವಾಟದ ದಳಗಳನ್ನು ಹಿಡಿದಿರುವ ದಾರದಂಥ ಕಾರ್ಡೆ ತಂತುಗಳ ನಡುವೆ ಹೆಪ್ಪುಗಟ್ಟಿದ ರಕ್ತ ಉಳಿದುಬಿಟ್ಟರೆ ಆಮೇಲೆ ಬಿಡಿಸುವಾಗ ತಂತುವೇ ಕಿತ್ತು ಬರುತ್ತದೆ. ತೊಳೆದ ಗುಂಡಿಗೆಯನ್ನು ಸಲೈನ್ ತುಂಬಿದ ಜಿಪ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಪೆಟ್ಟಿಗೆಯಲ್ಲಿಡಿ. ಐಸನ್ನು ನೇರವಾಗಿ ತಾಗಿಸಬೇಡಿ, ತಾಗಿದ ಕಡೆ ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೈಕಿನ ಹಿಂದೆ ಕಟ್ಟಿಕೊಂಡು ಬರುವುದಾದರೆ ಗುಂಡಿಗೆಯ ತೂಕದ ಹತ್ತು ಪಟ್ಟು ಐಸ್ ಇರಲಿ.

ಇನ್ನೊಂದು ವಿಷಯವನ್ನು ಹೊಸಬರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಸತ್ತ ಕೆಲವೇ ಗಂಟೆಗಳಲ್ಲಿ ಹೃದಯದ ಸ್ನಾಯು ಸೆಟೆದುಕೊಳ್ಳುತ್ತದೆ. ಎಡ ಹೃತ್ಕುಕ್ಷಿ ಮುಷ್ಟಿಯಂತೆ ಬಿಗಿದು ಒಳಗಿನ ಜಾಗ ಕುಗ್ಗುತ್ತದೆ. ಆ ಹೊತ್ತಿನಲ್ಲಿ ಪಂಪಿಗೆ ಜೋಡಿಸಿದರೆ ಒಂದು ಮಿಡಿತದ 70 ಮಿಲಿ ದ್ರವ ಒಳಗೆ ಹೋಗುವುದೇ ಇಲ್ಲ, ಒತ್ತಡ ಮಾತ್ರ ಏರುತ್ತದೆ. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ಮಾರನೆಯ ದಿನ ಬಳಸಿದರೆ ಸೆಟೆತ ಬಹುಮಟ್ಟಿಗೆ ಇಳಿದಿರುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಶೇಖರಿಸಿಟ್ಟು, 4 ಡಿಗ್ರಿಯಲ್ಲಿ 24 ಗಂಟೆ ಕರಗಿಸಿ ಬಳಸುವುದೂ ಇದೆ. ದಳಗಳು ಮತ್ತು ತಂತುಗಳು ಅದನ್ನು ತಾಳಿಕೊಳ್ಳುತ್ತವೆ, ಸ್ನಾಯು ಮಾತ್ರ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ಕರಗಿಸಬಾರದು. ತಾಜಾ ಗುಂಡಿಗೆ ಮತ್ತು ಫ್ರೀಜರಿನ ಗುಂಡಿಗೆಯ ಫಲಿತಾಂಶಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ.

ದ್ರವ

ಆರ್‌ಒ ನೀರಿಗೆ ಲೀಟರಿಗೆ 9 ಗ್ರಾಂ ಉಪ್ಪು. 8 ಲೀಟರ್ ಬೇಕಾಗುತ್ತದೆ, ಅಂದರೆ 72 ಗ್ರಾಂ. ಬೋರಿನ ಗಡಸು ನೀರು ಬೇಡ, ಸುಣ್ಣದ ಪುಡಿ ಸೆನ್ಸರಿನ ಸಣ್ಣ ಕೊಳವೆಯಲ್ಲಿ ಕೂರುತ್ತದೆ. ನೀರನ್ನು ಕುದಿಸಿ ಮುಚ್ಚಿಟ್ಟು ಆರಿಸಿದರೆ ಅದರಲ್ಲಿ ಕರಗಿದ ಗಾಳಿ ಹೋಗಿ ಗುಳ್ಳೆಯ ಕಾಟ ಅರ್ಧ ಕಡಿಮೆಯಾಗುತ್ತದೆ. ರಕ್ತದ ಸ್ನಿಗ್ಧತೆ (ಹರಿಯುವಾಗಿನ ಮಂದತೆ) ಬೇಕೆಂದು ಗ್ಲಿಸರಿನ್ ಬೆರೆಸುವವರಿದ್ದಾರೆ. ಶೇಕಡಾ 36-40 ಗ್ಲಿಸರಿನ್ ಹಾಕಿದರೆ ಕೋಣೆಯ ಉಷ್ಣಾಂಶದಲ್ಲಿ ಸ್ನಿಗ್ಧತೆ ಹತ್ತಿರ ಬರುತ್ತದೆ, ನಿಜ. ಆದರೆ ಗ್ಲಿಸರಿನ್ ಅಂಗಾಂಶದ ನೀರನ್ನು ಹೀರಿ ದಳವನ್ನು ಬಿರುಸು ಮಾಡುತ್ತದೆ. ಲೋಹದ ಕವಾಟಕ್ಕೆ ಅದು ಸರಿ, ಹಸಿ ಕವಾಟಕ್ಕೆ ಸಲೈನೇ ಮೇಲು. ಸಲೈನ್ ರಕ್ತಕ್ಕಿಂತ ತೆಳುವಾದ್ದರಿಂದ ಸೋರಿಕೆ ತುಸು ಹೆಚ್ಚೇ ಕಾಣುತ್ತದೆ ಎಂಬುದು ನೆನಪಿರಲಿ.

ನಿಟಿನಾಲ್ (ಬಿಸಿಗೆ ತನ್ನ ಮೂಲ ಆಕಾರಕ್ಕೆ ಮರಳುವ ಮಿಶ್ರಲೋಹ) ಕ್ಲಿಪ್ ಅಥವಾ ಸ್ಟೆಂಟ್ ಇದ್ದರೆ ದ್ರವ 37 ಡಿಗ್ರಿಯಲ್ಲೇ ಇರಬೇಕು. ತಣ್ಣಗಿನ ದ್ರವದಲ್ಲಿ ಅದು ಪೂರ್ತಿ ಅರಳುವುದಿಲ್ಲ, ಹಿಡಿತವೂ ಬೇರೆಯಾಗುತ್ತದೆ. ಬರೀ ಹೊಲಿಗೆಯ ಪರೀಕ್ಷೆಯಾದರೆ 20-25 ಡಿಗ್ರಿ ಸಾಕು, ಗುಂಡಿಗೆಯೂ ಹೆಚ್ಚು ಹೊತ್ತು ಬಾಳುತ್ತದೆ.

ಪಂಪು

ಸತ್ತ ಗುಂಡಿಗೆ ತಾನಾಗಿ ಮಿಡಿಯುವುದಿಲ್ಲ. ಗುಂಡಿಗೆಯ ಕೆಳತುದಿಯಿಂದ ಒಂದು ಕೊಳವೆ ಹಾಕಿ, ದ್ರವವನ್ನು ಒಳಗೆ ತಳ್ಳಿ ಹಿಂದಕ್ಕೆ ಎಳೆಯಬೇಕು. ತಳ್ಳಿದಾಗ ಮೈಟ್ರಲ್ ಕವಾಟ ಮುಚ್ಚಿ ಮಹಾಪಧಮನಿ ಕವಾಟ ತೆರೆಯುತ್ತದೆ, ಎಳೆದಾಗ ತಿರುಗಾಮುರುಗ. ಗುಂಡಿಗೆಯ ಸ್ವಂತ ಕವಾಟಗಳೇ ಇರುವಾಗ ಬೇರೆ ನಾನ್‌ರಿಟರ್ನ್ ವಾಲ್ವ್ ಬೇಡ. 1895ರಲ್ಲಿ ಲ್ಯಾಂಗೆನ್‌ಡಾರ್ಫ್ ತೋರಿಸಿದಂತೆ ದೇಹದಿಂದ ಬೇರ್ಪಡಿಸಿದ ಹೃದಯವನ್ನು ನಿಜವಾಗಿಯೇ ಮಿಡಿಯುವಂತೆ ಮಾಡಲೂ ಸಾಧ್ಯವಿದೆ. ಅದಕ್ಕೆ ಪ್ರಾಣಿ ಸಾಯುವ ಹೊತ್ತಿಗೇ ಹೃದಯವನ್ನು ತಣ್ಣಗೆ ನಿಲ್ಲಿಸಬೇಕು, ಆಮ್ಲಜನಕ ಬೆರೆಸಿದ ದ್ರವ ಬೇಕು. ಮಟನ್ ಅಂಗಡಿಯ ಗುಂಡಿಗೆಯಲ್ಲಿ ಅದಾಗದು.

50 ಮಿಮೀ ಒಳವ್ಯಾಸದ ನ್ಯೂಮ್ಯಾಟಿಕ್ ಸಿಲಿಂಡರ್ ಎಲ್ಲ ಕಡೆ ಸಿಗುತ್ತದೆ. ಅದರ ಅಡ್ಡಕೊಯ್ತ 19.6 ಚದರ ಸೆಂಮೀ. ಪಿಸ್ಟನ್ 36 ಮಿಮೀ ಓಡಿದರೆ ಸುಮಾರು 70 ಮಿಲಿ ತಳ್ಳುತ್ತದೆ, ಮನುಷ್ಯನ ಹೃದಯ ಒಂದು ಮಿಡಿತಕ್ಕೆ ತಳ್ಳುವಷ್ಟೇ. ಟಗರಿನ ಗುಂಡಿಗೆಗೆ 22 ಮಿಮೀ ಓಟ ಸಾಕು, 43 ಮಿಲಿ ಬರುತ್ತದೆ. ಕ್ರ್ಯಾಂಕಿನಲ್ಲಿ 18 ಮತ್ತು 11 ಮಿಮೀ ದೂರದಲ್ಲಿ ಎರಡು ತೂತು ಕೊರೆದಿಟ್ಟರೆ ಎರಡಕ್ಕೂ ಆಗುತ್ತದೆ. ಸಲೈನ್ ಅಲ್ಯೂಮಿನಿಯಂ ತಿನ್ನುತ್ತದೆ, ಆದ್ದರಿಂದ ಪ್ರತಿ ದಿನ ಕೆಲಸ ಮುಗಿದ ಮೇಲೆ ಸಾದಾ ನೀರು ಹಾಯಿಸಿ ಸಿಲಿಕೋನ್ ಗ್ರೀಸ್ ಹಚ್ಚಿ.

ಮೋಟಾರಿಗೆ ಕಾರಿನ 12 ವೋಲ್ಟ್ ವೈಪರ್ ಮೋಟಾರ್ ಸಾಕು. 120 ಮಿಮೀ ಪಾದರಸದ ಒತ್ತಡಕ್ಕೆ ಪಿಸ್ಟನ್ನಿನ ಮೇಲೆ ಬೀಳುವ ಬಲ 31 ನ್ಯೂಟನ್ ಮಾತ್ರ. ವೇಗದ ಗೇರಿನಲ್ಲಿ ನಿಮಿಷಕ್ಕೆ 65ರ ಸುಮಾರು ಸುತ್ತು ಬರುತ್ತದೆ, ಹೃದಯ ಬಡಿತಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಕೊರತೆಯೊಂದೇ: ಕ್ರ್ಯಾಂಕ್ ಅರ್ಧ ಸುತ್ತು ತಳ್ಳುತ್ತದೆ, ಅರ್ಧ ಸುತ್ತು ಎಳೆಯುತ್ತದೆ. ನಿಜವಾದ ಹೃದಯ ಒಂದು ಮಿಡಿತದ ಮೂರನೇ ಒಂದು ಪಾಲಿನಷ್ಟು ಹೊತ್ತು ಮಾತ್ರ ತಳ್ಳುತ್ತದೆ. ಕೃತಕ ಕವಾಟಗಳ ಐಎಸ್‌ಒ 5840 ಮಾನದಂಡದ ಪರೀಕ್ಷೆಯಲ್ಲೂ ನಿಮಿಷಕ್ಕೆ 70 ಬಡಿತ, 5 ಲೀಟರ್ ಹರಿವು, ಶೇಕಡಾ 35 ತಳ್ಳುವ ಕಾಲ ಎಂದಿದೆ. ಅಷ್ಟು ನಿಖರತೆ ಬೇಕಿದ್ದರೆ ಕ್ಯಾಮ್ ಕಡೆಯಿರಿ, ಇಲ್ಲವೇ ಸರ್ವೋ ಮೋಟಾರ್ ಮತ್ತು ಬಾಲ್ ಸ್ಕ್ರೂ ಹಾಕಿ. ಒಂದೇ ಗುಂಡಿಗೆಯ ಮೊದಲು-ಆಮೇಲೆಯ ಹೋಲಿಕೆಗೆ ವೈಪರ್ ಮೋಟಾರಿನಿಂದ ಶುರುಮಾಡಬಹುದು. ಕರೆಂಟು ಹೋಗಿ ಬರುವ ದಿನ ಅಳತೆಯ ನಡುವೆ ವೇಗ ಬದಲಾಗದಿರಲೆಂದು 12 ವೋಲ್ಟನ್ನು ಬ್ಯಾಟರಿಯಿಂದಲೇ ಕೊಡಿ.

ಗುಂಡಿಗೆ ಜೋಡಿಸುವುದು

ಕೆಲಸದ ಅರ್ಧ ಭಾಗ ಇಲ್ಲೇ ಇದೆ, ಅವಸರ ಬೇಡ.

ಮೊದಲು ಕರೋನರಿ ನಾಳಗಳು, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳು. ಮಹಾಪಧಮನಿಯಿಂದ ಹೊರಟ ಕೂಡಲೇ ಎರಡನ್ನೂ 3-0 ದಪ್ಪದ ರೇಷ್ಮೆ ದಾರದಿಂದ ಕಟ್ಟಿ. ಬಿಟ್ಟರೆ ಮಹಾಪಧಮನಿಯ ಒತ್ತಡಕ್ಕೆ ಸಲೈನ್ ಸ್ನಾಯುವಿನೊಳಗೆ ನುಗ್ಗಿ ಬಲ ಹೃತ್ಕರ್ಣದಲ್ಲಿ ಸುರಿಯುತ್ತದೆ. ಅಳತೆ ತಪ್ಪುವುದರ ಜೊತೆಗೆ ಗೋಡೆ ಊದಿ ಬಿರುಸಾಗುತ್ತದೆ.

ತುದಿಯ ಕೊಳವೆ: ಗುಂಡಿಗೆಯ ತುದಿಯಲ್ಲಿ, ಮುಂದೆ ಇಳಿದು ಬರುವ ಕರೋನರಿ ನಾಳದಿಂದ ತುಸು ಎಡಕ್ಕೆ ಸರಿದು ತೂತು ಮಾಡಿ. ಬೆರಳನ್ನು ಹೃತ್ಕರ್ಣದಿಂದ ಒಳಗೆ ಇಳಿಸಿ ತಂತುಗಳು ಅಂಟಿರುವ ಎರಡು ಪ್ಯಾಪಿಲರಿ ಸ್ನಾಯುಗಳ ಬುಡ ಎಲ್ಲಿದೆ ಎಂದು ಮುಟ್ಟಿ ನೋಡಿಕೊಂಡೇ ಚಾಕು ಹಾಕಬೇಕು. ಬುಡಕ್ಕೆ ಚಾಕು ತಗುಲಿದರೆ ಕವಾಟ ಅಲ್ಲೇ ಸೋರಲು ಶುರು. ಕೊಳವೆಯ ಒಳವ್ಯಾಸ 16 ಮಿಮೀಗಿಂತ ಕಡಿಮೆ ಇರಬಾರದು. 12 ಮಿಮೀ ಆದರೆ ದ್ರವ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನುಗ್ಗಿ ನೇರ ದಳಕ್ಕೆ ಹೊಡೆಯುತ್ತದೆ, 16 ಮಿಮೀ ಪಾದರಸದಷ್ಟು ಒತ್ತಡವೂ ಅದರಲ್ಲೇ ಹೋಗುತ್ತದೆ. ಮುಕ್ಕಾಲು ಇಂಚಿನ ಹೋಸ್ ನಿಪ್ಪಲ್ ಸರಿಯಾಗುತ್ತದೆ. ಅದರ ಬಾಯಿಗೆ ಅಡ್ಡ ತೂತುಗಳ ಟೋಪಿ ಹಾಕಿದರೆ ಧಾರೆ ಹರಡಿಕೊಳ್ಳುತ್ತದೆ. ಸುತ್ತಲೂ ಎರಡು ಸುತ್ತು ಪರ್ಸ್‌ಸ್ಟ್ರಿಂಗ್ ಹೊಲಿಗೆ (ಎಳೆದರೆ ಚೀಲದ ಬಾಯಿಯಂತೆ ಬಿಗಿಯುವ ಹೊಲಿಗೆ), ಅದಕ್ಕೆ ಆಸರೆಯಾಗಿ ಫೆಲ್ಟ್ ಬಟ್ಟೆಯ ಪಟ್ಟಿ, ಅದರ ಮೇಲೆ ಕೇಬಲ್ ಟೈ.

ಎಡ ಹೃತ್ಕರ್ಣ: ಶ್ವಾಸಕೋಶ ಬಿಡಿಸಿ, ಅಭಿಧಮನಿಗಳು ಸೇರುವ ಮೇಲ್ಛಾವಣಿಯನ್ನು ದುಂಡಗೆ ಕತ್ತರಿಸಿ, ಅಂಚನ್ನು 50 ಮಿಮೀ ಪಿವಿಸಿ ಕಪ್ಲಿಂಗಿನ ಸುತ್ತ ಹೊಲಿದು ಬಟ್ಟೆಪಟ್ಟಿ ಸುತ್ತಿ ಬಿಗಿಯಿರಿ. ಕುರಿಗೆ 40 ಮಿಮೀ. ಕಪ್ಲಿಂಗಿಗೂ ಕವಾಟದ ಬುಡದ ಉಂಗುರಕ್ಕೂ ನಡುವೆ 1.5 ಸೆಂಮೀ ಗೋಡೆ ಉಳಿಯಬೇಕು. ಇಲ್ಲವಾದರೆ ಪಿವಿಸಿಯೇ ರಿಂಗಿನ ಕೆಲಸ ಮಾಡಿ ಕವಾಟದ ಆಕಾರ ಬದಲಿಸುತ್ತದೆ. ಕಪ್ಲಿಂಗಿಗೆ ತಿರುಪಿನ ಮುಚ್ಚಳ ಹಾಕಿ, ಮುಚ್ಚಳದಲ್ಲಿ ಮೂರು ತೂತು ಮಾಡಿ: 20 ಮಿಮೀ ಒಳಹರಿವಿಗೆ, ಒಂದು ಗಾಳಿ ಬಿಡಲು, ಇನ್ನೊಂದರಲ್ಲಿ ಕೇಬಲ್ ಗ್ಲ್ಯಾಂಡ್ (ತಂತಿಯ ಸುತ್ತ ನೀರು ಸೋರದಂತೆ ಬಿಗಿಯುವ ಬಿರಡೆ). ಗ್ಲ್ಯಾಂಡಿನ ಮೂಲಕ 5.5 ಮಿಮೀ ಯುಎಸ್‌ಬಿ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿದರೆ ಹೃತ್ಕರ್ಣದ ಕಡೆಯಿಂದ ಇಡೀ ಕವಾಟ ಕಾಣುತ್ತದೆ. ಎಲ್‌ಇಡಿ ಬೆಳಕು ಕಡಿಮೆ ಮಾಡಿ, ಬಿಳಿ ದಳ ಹೊಳೆದು ಅಂಚು ಮಾಯವಾಗುತ್ತದೆ. ಮುಚ್ಚಳ ತಿರುಗಿಸಿ ತೆಗೆದರೆ ಹೊಲಿಗೆ ಹಾಕಲು ಕೈಗೆ ಜಾಗ ಸಿಗುತ್ತದೆ. ಈ ಏರ್ಪಾಡಿನ ದೊಡ್ಡ ಲಾಭ ಅದೇ.

ಮಹಾಪಧಮನಿಗೆ 20-22 ಮಿಮೀ ಹೋಸ್ ನಿಪ್ಪಲ್, ಕರೋನರಿ ಬಾಯಿಗಳಿಂದ 2 ಸೆಂಮೀ ಮೇಲೆ. ಅದಕ್ಕಿಂತ ಕೆಳಗೆ ತಳ್ಳಿದರೆ ದಳ ಸಿಕ್ಕಿಹಾಕಿಕೊಂಡು ಮುಚ್ಚುವುದಿಲ್ಲ.

ಅಲ್ಲಿಂದ ದ್ರವ ಗಾಳಿ ಡಬ್ಬಿಗೆ ಹೋಗುತ್ತದೆ. ರಕ್ತನಾಳಗಳು ಹಿಗ್ಗಿ ಕುಗ್ಗುವ ಗುಣವನ್ನು ಆ ಗಾಳಿ ಕೊಡುತ್ತದೆ. ಮನುಷ್ಯನ ರಕ್ತನಾಳಗಳು 1 ಮಿಮೀ ಪಾದರಸಕ್ಕೆ 1.5 ಮಿಲಿವರೆಗೆ ಹಿಗ್ಗುತ್ತವೆ. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ 710 ಮಿಮೀ ಆಸುಪಾಸು. ಅದಕ್ಕೆ ಪರೀಕ್ಷೆಯ 100 ಸೇರಿಸಿ 1.5ರಿಂದ ಗುಣಿಸಿದರೆ ಸುಮಾರು 1.2 ಲೀಟರ್ ಗಾಳಿ ಬೇಕು. 2 ಲೀಟರಿನ ಗಟ್ಟಿ ಡಬ್ಬಿ ಸಾಕು. ಡಬ್ಬಿಯ ನಂತರ ಒಂದು ಗೇಟ್ ವಾಲ್ವ್, ಅದೇ ದೇಹದ ಪ್ರತಿರೋಧ. ವಾಲ್ವ್ ದಾಟಿದ ದ್ರವ ಮೇಲಿನ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ನೀರಿನ ಮಟ್ಟ ಮೈಟ್ರಲ್ ಕವಾಟಕ್ಕಿಂತ 13.6 ಸೆಂಮೀ ಮೇಲಿದ್ದರೆ ಹೃತ್ಕರ್ಣಕ್ಕೆ 10 ಮಿಮೀ ಪಾದರಸ ಸಿಕ್ಕಿತು. ತೊಟ್ಟಿಯಿಂದ ಹೃತ್ಕರ್ಣದ ಕೊಳವೆ 30 ಸೆಂಮೀಗಿಂತ ಉದ್ದವಿದ್ದರೆ ದ್ರವ ಹೊರಡಲು ತಡವಾಗಿ ಹೃತ್ಕರ್ಣ ಒಳಕ್ಕೆ ಹೀರಿಕೊಳ್ಳುತ್ತದೆ.

ಗುಂಡಿಗೆಯನ್ನು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಸಲೈನಿನೊಳಗೆ ಮುಳುಗಿಸಿಡಿ. ತೂಕ ಆಧರಿಸಿದಂತಾಯಿತು, ಎಕೋ (ಅಲ್ಟ್ರಾಸೌಂಡ್) ಪ್ರೋಬ್‌ಗೂ ಅನುಕೂಲ. ಒಳಗಿನ ದ್ರವಕ್ಕೆ ಒಮ್ಮೆ ತಿಂಡಿಗೆ ಹಾಕುವ ಕೆಂಪು ಬಣ್ಣ ಬೆರೆಸಿ ಪಂಪು ಓಡಿಸಿದರೆ ಹೊಲಿಗೆ ಎಲ್ಲಿ ಸೋರುತ್ತಿದೆ ಎಂದು ಹೊರಗಿನ ತಿಳಿನೀರಿನಲ್ಲಿ ಕೂಡಲೇ ಕಾಣುತ್ತದೆ. ಸೋರಿಕೆ ನಿಲ್ಲಿಸಿದ ಮೇಲೆ ದ್ರವ ಬದಲಿಸಿ.

ಬಕೆಟ್ ಪರೀಕ್ಷೆ

ಪಂಪು ಓಡಿಸುವ ಮೊದಲು ಇದನ್ನು ಮಾಡಲೇಬೇಕು. ತುದಿಯ ಕೊಳವೆಯನ್ನು ಕವಾಟಕ್ಕಿಂತ 163 ಸೆಂಮೀ ಎತ್ತರದಲ್ಲಿ ಕಟ್ಟಿದ ಬಕೆಟ್‌ಗೆ ಜೋಡಿಸಿ, ಮಹಾಪಧಮನಿಗೆ ಕ್ಲ್ಯಾಂಪ್ ಹಾಕಿ, ಹೃತ್ಕರ್ಣದ ಮುಚ್ಚಳ ತೆಗೆಯಿರಿ. 1 ಮಿಮೀ ಪಾದರಸಕ್ಕೆ 13.6 ಮಿಮೀ ನೀರು, ಹಾಗಾಗಿ ಕವಾಟದ ಮೇಲೆ ಸರಿಯಾಗಿ 120 ಮಿಮೀ ಬೀಳುತ್ತದೆ. ಟೇಬಲ್ ಎತ್ತರ ಸೇರಿ ಸುಮಾರು 240 ಸೆಂಮೀ ಆಯಿತು, ಸಾಮಾನ್ಯ ಕೋಣೆಯ ಗೋಡೆಯ ಕೊಕ್ಕೆ ಸಾಕು. ದಳಗಳು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುವುದು ಮೇಲಿನಿಂದ ಕಾಣುತ್ತದೆ. ಸೋರಿದ ದ್ರವವನ್ನು ಒಂದು ನಿಮಿಷ ಅಳತೆ ಜಾಡಿಯಲ್ಲಿ ಹಿಡಿಯಿರಿ. 100 ಮಿಲಿಗಿಂತ ಹೆಚ್ಚಿದ್ದರೆ ಆ ಗುಂಡಿಗೆಯನ್ನು ಅಭ್ಯಾಸಕ್ಕಿಡಿ, ಅಳತೆಗೆ ಬಳಸಬೇಡಿ. ಈ ಗಡಿಯನ್ನು ಪ್ರಯೋಗ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಫಲಿತಾಂಶ ನೋಡಿದ ಮೇಲೆ ಯಾವ ಗುಂಡಿಗೆ ಸೇರಿಸಬೇಕು, ಯಾವುದು ಬೇಡ ಎಂದು ತೀರ್ಮಾನಿಸಿದರೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ.

ಪಂಪು, ಪೈಪಿಗೆ ದುಡ್ಡಿಲ್ಲದ ಲ್ಯಾಬು ಈ ಬಕೆಟ್ ಪರೀಕ್ಷೆಯೊಂದರಿಂದಲೇ ಬಹಳಷ್ಟು ಕಲಿಯಬಹುದು.

ಅಳತೆ

ಐಸಿಯುಗಳಲ್ಲಿ ಬಳಸುವ ಬಿಸಾಡಬಹುದಾದ ಬಿಪಿ ಟ್ರಾನ್ಸ್‌ಡ್ಯೂಸರ್ ಎರಡು ತನ್ನಿ, ಒಂದು ಹೃತ್ಕುಕ್ಷಿಗೆ, ಒಂದು ಮಹಾಪಧಮನಿಗೆ. ಇವು ಪ್ರತಿ ವೋಲ್ಟಿಗೆ, ಪ್ರತಿ ಮಿಮೀ ಪಾದರಸಕ್ಕೆ 5 ಮೈಕ್ರೊವೋಲ್ಟ್ ಕೊಡುತ್ತವೆ. 5 ವೋಲ್ಟ್ ಹಾಕಿದರೆ 200 ಮಿಮೀ ಒತ್ತಡಕ್ಕೆ 5 ಮಿಲಿವೋಲ್ಟ್, 500 ಪಟ್ಟು ವರ್ಧಿಸಿದರೆ 2.5 ವೋಲ್ಟ್. ಸೆಕೆಂಡಿಗೆ ಕನಿಷ್ಠ 200 ಸಲ ಓದಬೇಕು. ತೂಕದ ಯಂತ್ರಕ್ಕೆ ಬಳಸುವ ಅಗ್ಗದ ಎಚ್‌ಎಕ್ಸ್711 ಬೋರ್ಡ್ 80 ಸಲ ಮಾತ್ರ ಓದುತ್ತದೆ, ಕವಾಟ ಮುಚ್ಚುವ ಕ್ಷಣ ಅದಕ್ಕೆ ಸಿಗುವುದಿಲ್ಲ. ಸೆನ್ಸರನ್ನು ಕವಾಟದ ಮಟ್ಟದಲ್ಲೇ ಕಟ್ಟಿ, 136 ಸೆಂಮೀ ನೀರಿನ ಕಂಬದಿಂದ 100ಕ್ಕೆ ಹೊಂದಿಸಿ. ಪ್ರತಿ ದಿನ ಹೊಂದಿಸಿ.

ಹರಿವನ್ನು ಅಳೆಯಲು ದುಬಾರಿ ಮೀಟರ್ ಇಲ್ಲದಿದ್ದರೂ ಆಗುತ್ತದೆ. ಗೇಟ್ ವಾಲ್ವ್ ದಾಟಿ ಬರುವ ದ್ರವವನ್ನು ಒಂದು ನಿಮಿಷ ಜಾಡಿಯಲ್ಲಿ ಹಿಡಿದು, ತೊಟ್ಟಿಗೆ ಅಷ್ಟನ್ನೇ ಸುರಿದು ಮಟ್ಟ ಕಾಯಿರಿ. ಉದಾಹರಣೆಗೆ 70 ಮಿಲಿ ಪಿಸ್ಟನ್, 65 ಬಡಿತದಲ್ಲಿ ಆರೋಗ್ಯದ ಸ್ಥಿತಿಯಲ್ಲಿ 3575 ಮಿಲಿ ಬಂತೆನ್ನಿ, ಬಡಿತಕ್ಕೆ 55. ಕೆಡಿಸಿದ ಮೇಲೆ 2275, ಅಂದರೆ 35. ಹೊಲಿಗೆಯ ನಂತರ 3250, ಅಂದರೆ 50. ರೋಗ 20 ಮಿಲಿ ಕಿತ್ತುಕೊಂಡಿತು, ಹೊಲಿಗೆ 15 ವಾಪಸು ತಂದಿತು. ಮೊದಲೇ ಕಾಣೆಯಾದ 15 ಮಿಲಿ ಎಲ್ಲಿಗೆ ಹೋಯಿತು? ಸತ್ತ ಹೃತ್ಕುಕ್ಷಿ ಒತ್ತಡಕ್ಕೆ ಸಂಕುಚಿಸುವ ಬದಲು ಹಿಗ್ಗುತ್ತದೆ, ಸ್ವಲ್ಪ ಅಲ್ಲಿ ಹೋಯಿತು. ಒಳಗೆ 50 ಮಿಲಿ ಗಾಳಿ ಉಳಿದಿದ್ದರೆ ಪ್ರತಿ ಹೊಡೆತಕ್ಕೆ ಸುಮಾರು 7 ಮಿಲಿ ಅದೇ ನುಂಗುತ್ತದೆ. ಉಳಿದದ್ದು ಕವಾಟ ಮುಚ್ಚುವಾಗಿನ ಹಿಮ್ಮರಳಿಕೆ. ಇವನ್ನೆಲ್ಲ ರೋಗದ ಸೋರಿಕೆ ಎಂದು ಬರೆದುಬಿಟ್ಟರೆ ಚಿಕಿತ್ಸೆಗೆ ಇಲ್ಲದ ಹೆಸರು ಬರುತ್ತದೆ, ಅಥವಾ ಇರುವ ಹೆಸರು ಹೋಗುತ್ತದೆ. ಹೃತ್ಕುಕ್ಷಿಯ ಸುತ್ತ ಗಾಜ್ ಬಟ್ಟೆ ಬಿಗಿಯಾಗಿ ಸುತ್ತಿದರೆ ಹಿಗ್ಗುವುದು ಕಡಿಮೆಯಾಗುತ್ತದೆ, ಎಕೋ ಪ್ರೋಬ್ ಇಡುವ ಜಾಗ ಮಾತ್ರ ಬಿಡಿ.

ಇಲ್ಲಿ ಸುಲಭವಾಗಿ ಆಗುವ ತಪ್ಪೊಂದಿದೆ. ಕವಾಟ ಕೆಡಿಸಿದ ಕೂಡಲೇ ಮುಂದಿನ ಹರಿವು ಇಳಿಯುತ್ತದೆ, ಅದರೊಂದಿಗೆ ಮಹಾಪಧಮನಿಯ ಒತ್ತಡವೂ ಇಳಿಯುತ್ತದೆ. ಒತ್ತಡ ಇಳಿದರೆ ಸೋರಿಕೆಯೂ ತಾನಾಗಿ ತಗ್ಗುತ್ತದೆ. ಹಾಗಾಗಿ ಪ್ರತಿ ಸ್ಥಿತಿಯಲ್ಲೂ ಗೇಟ್ ವಾಲ್ವ್ ತಿರುಗಿಸಿ ಸರಾಸರಿ ಒತ್ತಡವನ್ನು 100ಕ್ಕೆ ತಂದ ಮೇಲೆಯೇ ಹರಿವು ಹಿಡಿಯಬೇಕು. ಎಕೋದಲ್ಲಿ ಡಾಪ್ಲರ್ (ಹರಿವನ್ನು ತೋರಿಸುವ ವಿಧಾನ) ಬೇಕೆಂದರೆ ಸಲೈನಿಗೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಬೆರೆಸಿ, ಬರೀ ನೀರಿನಲ್ಲಿ ಡಾಪ್ಲರಿಗೆ ಏನೂ ಕಾಣದು.

ಕೆಡಿಸುವುದು, ಸರಿಪಡಿಸುವುದು

ಹಿಂದಿನ ದಳದ ನಡುಭಾಗಕ್ಕೆ, ಅಂದರೆ ಪಿ2ಗೆ, ಅಂಚಿನಲ್ಲಿ ಅಂಟಿರುವ ತಂತುಗಳಲ್ಲಿ ಎರಡು-ಮೂರನ್ನು ಕೊಕ್ಕೆಯಿಂದ ಎತ್ತಿ ಕತ್ತರಿಸಿ. ಒಂದೊಂದೇ ಕತ್ತರಿಸಿ ಬಕೆಟ್ ಪರೀಕ್ಷೆ ಮಾಡುತ್ತ ಹೋಗಿ, ಒಮ್ಮೆಲೇ ನಾಲ್ಕು ಕತ್ತರಿಸಿದರೆ ಯಾವ ಹೊಲಿಗೆಯೂ ಉಳಿಸಲಾರದ ಕವಾಟ ಸಿಗುತ್ತದೆ. ದಳದ ಅಂಚು ಹೃತ್ಕರ್ಣದೊಳಕ್ಕೆ ಮಗುಚಿ ಬೀಳುವುದು ಕ್ಯಾಮೆರಾದಲ್ಲಿ ಕಂಡರೆ ಸಾಕು.

ಚಿಕಿತ್ಸೆಯಾಗಿ ಮೊದಲು ಪರೀಕ್ಷಿಸಲು ಯೋಗ್ಯವಾದದ್ದು 1991ರಲ್ಲಿ ಇಟಲಿಯ ಒತ್ತಾವಿಯೊ ಆಲ್ಫಿಯೇರಿ ತೋರಿಸಿದ ಅಂಚಿಗೆ ಅಂಚು ಹೊಲಿಯುವ ವಿಧಾನ. ಈಗ ರಕ್ತನಾಳದ ಮೂಲಕ ಹಾಕುವ ಮೈಟ್ರಾಕ್ಲಿಪ್ ಅದೇ ತತ್ವದ್ದು. 4-0 ಪ್ರೋಲಿನ್ ದಾರದಿಂದ ಎ2 (ಮುಂದಿನ ದಳದ ನಡುಭಾಗ), ಪಿ2 ಅಂಚುಗಳನ್ನು ಸೇರಿಸಿ, ಅಂಚಿನಿಂದ 5 ಮಿಮೀ ಒಳಗೆ ಸೂಜಿ ಹಾಕಿ. 2 ಮಿಮೀನಲ್ಲಿ ಹಾಕಿದ ಹೊಲಿಗೆ 120 ಮಿಮೀ ಒತ್ತಡಕ್ಕೆ ದಳವನ್ನು ಸೀಳಿಕೊಂಡು ಬರುತ್ತದೆ. ಹೊಲಿದ ಅಗಲ 5-8 ಮಿಮೀ. ಹೆಚ್ಚು ಅಗಲ ಹೊಲಿದರೆ ಸೋರಿಕೆ ನಿಂತರೂ ದ್ವಾರ ಚಿಕ್ಕದಾಗುತ್ತದೆ. ಹೃತ್ಕರ್ಣ-ಹೃತ್ಕುಕ್ಷಿ ನಡುವಿನ ಸರಾಸರಿ ಒತ್ತಡದ ವ್ಯತ್ಯಾಸ 5 ಮಿಮೀ ಪಾದರಸ ದಾಟಿದರೆ ಎಚ್ಚರ. ಸೋರಿಕೆ, ಅಡಚಣೆ ಎರಡನ್ನೂ ಬರೆಯದ ವರದಿ ಅರ್ಧ ವರದಿ.

ನಮ್ಮ ಸೀಮೆಯ ರೋಗಿಗಳಲ್ಲಿ ಸಂಧಿವಾತ ಜ್ವರದಿಂದ ಕೆಟ್ಟ ಕವಾಟಗಳು ಇಂದಿಗೂ ಕಡಿಮೆಯಿಲ್ಲ. ಅಂಥ ಕವಾಟದ ದಳಗಳ ಮೂಲೆಗಳು ಬೆಸೆದು ದ್ವಾರ ಕಿರಿದಾಗಿರುತ್ತದೆ. ಆರೋಗ್ಯದ ಹಂದಿಯಲ್ಲಿ ಅದನ್ನು ತೋರಿಸಲು ಮೂಲೆಗಳನ್ನು 5-0 ದಾರದಿಂದ ಹೊಲಿಯುವುದುಂಟು. ಕಿರಿದಾದ ದ್ವಾರ ಹಿಗ್ಗಿಸುವ ಇನೊವೆ ಬಲೂನನ್ನು ತೂರಿಸುವ, ಜಾಗಕ್ಕೆ ಕೂರಿಸುವ ಅಭ್ಯಾಸಕ್ಕೆ ಇದು ಒಳ್ಳೆಯದು. ರೋಗಿಯ ಎತ್ತರ ಸೆಂಮೀನಲ್ಲಿ ಹತ್ತರಿಂದ ಭಾಗಿಸಿ ಹತ್ತು ಕೂಡಿಸಿ ಬಲೂನಿನ ವ್ಯಾಸವನ್ನು ಮಿಮೀನಲ್ಲಿ ಆರಿಸುವ ಸೂತ್ರವನ್ನೂ ತರಬೇತಿಯಲ್ಲಿ ಹೇಳಿಕೊಡಬಹುದು. ಆದರೆ ಬಲೂನು ಉಬ್ಬಿದಾಗ ಹರಿಯುವುದು ನಮ್ಮ ದಾರ. ದಪ್ಪಗಾಗಿ ಸುಣ್ಣಗಟ್ಟಿದ ಮೂಲೆ ಹೇಗೆ ಬಿಡಿಸಿಕೊಳ್ಳುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗದು, ಆ ಮಾತನ್ನು ವರದಿಯಲ್ಲಿ ಬರೆಯಕೂಡದು.

ಕೈಕೊಡುವ ಜಾಗಗಳು

ಎರಡು ಬಡಿತಗಳ ನಡುವೆ ಮಹಾಪಧಮನಿಯ ಒತ್ತಡ 80ರ ಹತ್ತಿರ ನಿಲ್ಲದೆ ಪ್ರತಿ ಬಡಿತಕ್ಕೆ ಸೊನ್ನೆಗೆ ಬೀಳುತ್ತಿದ್ದರೆ ಒಂದೋ ಮಹಾಪಧಮನಿ ಕವಾಟ ಸಿಕ್ಕಿಕೊಂಡಿದೆ, ಇಲ್ಲವೇ ಡಬ್ಬಿಯಲ್ಲಿ ಗಾಳಿ ಸಾಲದು. ಅಲೆಯ ತುದಿಯಲ್ಲಿ ಚೂಪು ಮುಳ್ಳುಗಳು ಕಂಡರೆ ಸೆನ್ಸರಿನ ಕೊಳವೆಯಲ್ಲಿ ಗುಳ್ಳೆ ಹುಡುಕಿ, ಕೊಳವೆ ಉದ್ದವಾಗಿದ್ದರೆ ಮೊಟಕು ಮಾಡಿ. ಎರಡು-ಮೂರು ಗಂಟೆಯ ಬಳಿಕ ಅಳತೆ ನಿಧಾನವಾಗಿ ಜಾರುತ್ತದೆ, ಸಲೈನ್ ಹೀರಿದ ಸ್ನಾಯು ಊದುತ್ತಿರುತ್ತದೆ. ಎಷ್ಟು ಜಾರುತ್ತದೆ ಎಂದು ತಿಳಿಯಲು ಎರಡು ಗುಂಡಿಗೆಗಳನ್ನು ಯಾವ ಚಿಕಿತ್ಸೆಯೂ ಇಲ್ಲದೆ ಅಷ್ಟೇ ಹೊತ್ತು ಓಡಿಸಿ ನೋಡಿ. ಇದನ್ನು ಬಿಟ್ಟವರು ಊತವನ್ನೇ ಚಿಕಿತ್ಸೆಯ ಗುಣವೆಂದು ತಿಳಿಯುತ್ತಾರೆ.

ಎಣಿಕೆಯಲ್ಲಿ ಗುಂಡಿಗೆ ಲೆಕ್ಕ, ಬಡಿತ ಅಲ್ಲ. ಒಂದೇ ಗುಂಡಿಗೆಯ ಐವತ್ತು ಬಡಿತ ಐವತ್ತು ಪರೀಕ್ಷೆಯಾಗುವುದಿಲ್ಲ. ವಿಡಿಯೊ ನೋಡಿ ಸೋರಿಕೆಗೆ ಅಂಕ ಕೊಡುವವರಿಗೆ ಅದು ಯಾವ ಸ್ಥಿತಿಯದೆಂದು ಹೇಳದಿರುವುದು ಒಳ್ಳೆಯದು.

ರಕ್ತ ಹೆಪ್ಪುಗಟ್ಟುತ್ತದೆಯೇ, ಗಾಯ ಮಾಯುತ್ತದೆಯೇ, ಸಾಧನ ವರ್ಷಗಟ್ಟಲೆ ಬಾಳುತ್ತದೆಯೇ ಎಂಬುದಕ್ಕೆ ಈ ಪರೀಕ್ಷೆಯಲ್ಲಿ ಉತ್ತರವಿಲ್ಲ. ಬಾಳಿಕೆಗೇ ಬೇರೆ ಯಂತ್ರಗಳಿವೆ, ಐಎಸ್‌ಒ 5840 ಅಂಗಾಂಶದ ಕವಾಟಕ್ಕೆ 20 ಕೋಟಿ, ಲೋಹದ ಕವಾಟಕ್ಕೆ 40 ಕೋಟಿ ಬಡಿತ ಕೇಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕೃತಕ ಚಿತ್ರಾ ಕವಾಟವೂ 1990ರಲ್ಲಿ ಮೊದಲ ರೋಗಿಯನ್ನು ತಲುಪುವ ಮುನ್ನ ಯಂತ್ರದ ಪರೀಕ್ಷೆ, ಪ್ರಾಣಿ ಪರೀಕ್ಷೆ ಎಲ್ಲವನ್ನೂ ದಾಟಿ ಬಂದದ್ದು.

ಸುರಕ್ಷತೆ, ವಿಲೇವಾರಿ

ಕುರಿ ಮೇಕೆಯಿಂದ ಬ್ರುಸೆಲ್ಲೋಸಿಸ್, ಹಂದಿಯಿಂದ ಸ್ಟ್ರೆಪ್ಟೊಕಾಕಸ್ ಸುಯಿಸ್ ಮತ್ತು ಹೆಪಟೈಟಿಸ್ ಇ ತಗುಲಬಹುದು. ಕೈಗೆ ಎರಡು ಜೊತೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮುಖಕ್ಕೆ ಮಾಸ್ಕ್. ಒತ್ತಡದಲ್ಲಿರುವ ಕೊಳವೆ ಕಳಚಿದರೆ ದ್ರವ ಮುಖಕ್ಕೇ ಚಿಮ್ಮುತ್ತದೆ. ಕೈಯಲ್ಲಿ ಗಾಯವಿರುವವರು, ಗರ್ಭಿಣಿಯರು ಈ ಟೇಬಲಿನಿಂದ ದೂರವಿರಲಿ. ಲ್ಯಾಬಿನ ಫ್ರಿಜ್ಜಿನಲ್ಲಿ ಊಟದ ಡಬ್ಬಿ ಇಡಬೇಡಿ, ಪರೀಕ್ಷೆಗೆ ಬಳಸಿದ ಗುಂಡಿಗೆ ಯಾರ ಅಡುಗೆಗೂ, ನಾಯಿಗೂ ಹೋಗಬಾರದು.

ಮುಗಿದ ಮೇಲೆ ಗುಂಡಿಗೆ, ಕತ್ತರಿಸಿದ ಚೂರು ಎಲ್ಲ ಹಳದಿ ಚೀಲಕ್ಕೆ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮದಂತೆ ಪ್ರಾಣಿ ಅಂಗದ ತ್ಯಾಜ್ಯ ಅದಕ್ಕೇ ಸೇರಬೇಕು, 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸೂಜಿ, ಬ್ಲೇಡು ಚುಚ್ಚಲಾರದ ಬಿಳಿ ಡಬ್ಬಿಗೆ. ಕೊಳವೆಗಳಿಗೆ ಮೊದಲು ತಣ್ಣೀರು ಹಾಯಿಸಿ, ಬಿಸಿನೀರು ಮೊದಲು ಹಾಕಿದರೆ ಪ್ರೋಟೀನ್ ಬೆಂದು ಗೋಡೆಗೆ ಅಂಟುತ್ತದೆ. ಆಮೇಲೆ ಸೋಪಿನ ನೀರು, ನಂತರ ಶೇಕಡಾ 1 ಹೈಪೊಕ್ಲೋರೈಟ್ 20 ನಿಮಿಷ, ಕೊನೆಗೆ ಸಾದಾ ನೀರು. ಹೈಪೊಕ್ಲೋರೈಟ್ ಸ್ಟೀಲ್ ಉಪಕರಣಕ್ಕೂ ಸಿಲಿಂಡರಿಗೂ ಮುಟ್ಟಬಾರದು, ಅವಕ್ಕೆ ಸೋಪು ಮತ್ತು ಸ್ಪಿರಿಟ್. ಗಾಳಿ ಡಬ್ಬಿಯನ್ನು ಬಿಚ್ಚಿ ಬೋರಲು ಹಾಕಿ ಒಣಗಿಸಿ.